ದೊರೆ ಆಡಿದ ಎರಡು ಮಾತು

ಹೊಳೆ ಇನ್ನೂ ಎದ್ದಿರಲಿಲ್ಲ ಅನ್ನಬೇಕು. ಮಂಜು ನೀರಿನ ಮೇಲೆ ಹೊದ್ದುಕೊಂಡು ಬಿದ್ದಿತ್ತು. ಆಚೆ ದಡ ಅನ್ನುವುದೊಂದು ಇದೆಯೋ ಇಲ್ಲವೋ, ಅದೂ ಗೊತ್ತಾಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ತಿಪ್ಪರಸ ಹರಿಗೋಲಿನಿಂದ ಇಳಿದ.

ಈ ತಿಪ್ಪರಸ ಅಂದರೆ ಸಾಮಾನ್ಯನಲ್ಲ. ಆ ಸೀಮೆಯ ದೊರೆಗೆ ಮೂವರು ಮಂತ್ರಿಗಳು, ಮೂವರಲ್ಲಿ ಇವನೇ ಹಿರಿಯ. ಬೇಕೆಂದರೆ ಪಲ್ಲಕ್ಕಿಯಲ್ಲಿ ಬರಬಹುದಿತ್ತು. ಆದರೆ ಯಾರಿಗೂ ಹೇಳದೆ, ಒಬ್ಬನೇ, ಹೆಗಲ ಮೇಲೊಂದು ಹಳೇ ಕಂಬಳಿ ಹಾಕಿಕೊಂಡು ಬಂದಿದ್ದ. ಸೊಂಟದಲ್ಲಿ ಮಡಿಸಿಟ್ಟ ಕಾಗದವೊಂದಿತ್ತು. ಅದು ಎಲ್ಲಿ ಬಿದ್ದುಹೋಗುತ್ತದೋ ಅಂತ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ದಡದ ಮೇಲೆ ಗುರು ಅಡವಯ್ಯನವರ ಗುಡಿಸಲು. ಮುಂದೆ ಚಾಪೆ ಹಾಸಿಕೊಂಡು ಅವರು ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಬಾ ತಿಪ್ಪಾ" ಅಂದರು, ತಲೆ ಎತ್ತದೆ.

ತಿಪ್ಪರಸ ನಿಂತುಬಿಟ್ಟ. "ಈ ಮಂಜಿನಲ್ಲಿ ನಾನೇ ಅಂತ ಹೇಗೆ ಗೊತ್ತಾಯಿತು ಅಯ್ಯಾ?"

"ಒಂದು ಹೆಜ್ಜೆ ಇಡ್ತೀಯ, ನಿಲ್ತೀಯ. ಇನ್ನೊಂದು ಇಡ್ತೀಯ, ಮತ್ತೆ ನಿಲ್ತೀಯ. ಅರಮನೆಯವರನ್ನ ಬಿಟ್ಟರೆ ಬೇರೆ ಯಾರು ಹೀಗೆ ನಡೀತಾರೆ? ಕೂತ್ಕೋ. ಕೈ ಖಾಲಿ ಇದೆಯಲ್ಲ, ಸುಲಿ."

ಮಂತ್ರಿ ಕೂತ. ಮೂವತ್ತು ವರ್ಷದ ಹಿಂದೆ ಇದೇ ಅಂಗಳದ ಮರಳಿನಲ್ಲಿ ಅವನು ಅಕ್ಷರ ತಿದ್ದಿದ್ದ. ಆಗ ಹೇಗೆ ಕಾಲು ಮಡಿಸುತ್ತಿದ್ದನೋ ಈಗಲೂ ಹಾಗೇ ಮಡಿಸಿದ. ಮೊಣಕಾಲು ಮಾತ್ರ ಒಪ್ಪಲಿಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಸುಲಿದರು. ಎಲ್ಲೋ ಒಂದು ಹಕ್ಕಿ ಒಂದೇ ಸಲ ಕೂಗಿ ಸುಮ್ಮನಾಯಿತು.

"ಅಯ್ಯಾ, ಒಂದು ಮಾತಿನ ಅರ್ಥ ಕೇಳೋಣ ಅಂತ ಬಂದೆ."

"ಯಾವ ಭಾಷೆಯದು?"

"ಕನ್ನಡದ್ದೇ."

"ಹಾಗಾದ್ರೆ ಕಷ್ಟ" ಅಂದರು ಅಡವಯ್ಯ. "ಬಾರದ ಭಾಷೆ ಆಗಿದ್ರೆ ಯಾರನ್ನಾದರೂ ಕೇಳಿ ತಿಳ್ಕೋಬಹುದಿತ್ತು."

ತಿಪ್ಪರಸನಿಗೆ ನಗು ಬರಲಿಲ್ಲ. ನಗುವ ಸ್ಥಿತಿಯಲ್ಲಿ ಅವನಿರಲಿಲ್ಲ, ಪಾಪ. ಎಷ್ಟೋ ದಿನದಿಂದ ಊಟ ಸೇರುತ್ತಿರಲಿಲ್ಲ.

"ದೇಮ ನೆನಪಿದ್ದಾನಲ್ಲ ಅಯ್ಯಾ? ದೇಮರಸ?"

"ನಿನ್ನ ಜೊತೆಗೇ ಇಲ್ಲಿ ಓದಿದವನು. ಮರೀತೀನೇನೋ? ಅರಮನೆಯಲ್ಲಿ ದೊರೆಯ ಪತ್ರ ಬರೆಯೋ ಕೆಲಸ ಅಲ್ಲವೇ ಅವನದ್ದು? ಹೇಗಿದ್ದಾನೆ?"

"ಅದೇ ಗೊತ್ತಿಲ್ಲ."

"ದಿನಾ ಪಕ್ಕದಲ್ಲೇ ಕೂರೋನು ಹೇಗಿದ್ದಾನೆ ಅಂತ ಗೊತ್ತಿಲ್ಲವೇ?"

"ಹೇಗಿದ್ದಾನೆ ಅನ್ನೋದು ಆಮೇಲಿನ ಮಾತು ಅಯ್ಯಾ. ಇದ್ದಾನೋ ಇಲ್ಲವೋ ಅನ್ನೋದೇ ಗೊತ್ತಾಗ್ತಿಲ್ಲ. ಕೆಲಸದಲ್ಲಿ."

ಅಡವಯ್ಯ ಈಗ ತಲೆ ಎತ್ತಿದರು. "ಸರಿಯಾಗಿ ಹೇಳು. ಮೊದಲಿನಿಂದ."

ತಿಪ್ಪರಸ ಹೇಳಿದ.

ಅವರ ಅರಮನೆಯಲ್ಲಿ ಒಂದು ಪದ್ಧತಿ. ಸರಿಸಮಾನ ದೊರೆಗಳಿಗೆ ಪತ್ರ ಬರೆದರೆ ಹೆಸರಿನ ಮುಂದೆ ಐದು ಶ್ರೀ ಹಾಕಬೇಕು. ಕೆಳಗಿನವರಿಗೆ ನಾಲ್ಕು, ಇನ್ನೂ ಕೆಳಗಿನವರಿಗೆ ಮೂರು, ಹೀಗೆ. ಹೋದ ಹುಣ್ಣಿಮೆ ಕಳೆದ ಮೇಲೆ ದೇಮರಸ ಪಕ್ಕದ ಸೀಮೆಯ ದೊರೆಗೆ ಒಂದು ಪತ್ರ ಬರೆದ. ಐದು ಶ್ರೀ ಇರಬೇಕಾದ ಕಡೆ ನಾಲ್ಕೇ ಇದ್ದವು.

"ಪತ್ರ ಹೋಗಿಬಿಟ್ಟಿತೇ?" ಅಂದರು ಅಡವಯ್ಯ.

"ಇಲ್ಲ ಇಲ್ಲ. ಕಳಿಸೋಕೆ ಮುಂಚೆ ನಾನು ನೋಡಿದೆ. ನನ್ನ ಕಣ್ಣಿಗೆ ಬಿತ್ತು."

"ಒಳ್ಳೇದಾಯ್ತು. ದೇಮನಿಗೆ ತೋರಿಸಿದೆ."

"ಇಲ್ಲ. ದೊರೆಗಳ ಹತ್ತಿರ ತಗೊಂಡು ಹೋದೆ."

"ದೇಮ ಎಲ್ಲಿದ್ದ?"

"ಪಕ್ಕದಲ್ಲೇ ಇದ್ದ."

ಅಡವಯ್ಯ ಒಂದು ಕಾಯಿ ಸುಲಿದರು. ಇನ್ನೊಂದು ಸುಲಿದರು.

"ನಿಯಮ ಅಂತ ಒಂದಿದೆಯಲ್ಲ ಅಯ್ಯಾ" ಅಂದ ತಿಪ್ಪರಸ, ಯಾರೂ ಕೇಳದೇ ಇದ್ದರೂ. "ದೊರೆಗಳು ಎಣ್ಣೆ ಹಚ್ಚಿಸಿಕೊಂಡು ಕೂತಿದ್ದರು. ಕಣ್ಣು ಮುಚ್ಚಿದ್ದರು. 'ಪ್ರಭು, ದೇಮರಸ ಐದು ಶ್ರೀ ಬರೆಯೋ ಕಡೆ ನಾಲ್ಕು ಬರೆದಿದ್ದಾನೆ' ಅಂತ ಹೇಳಿದೆ. ಅದಕ್ಕೆ ದೊರೆಗಳು ಎರಡೇ ಎರಡು ಮಾತು ಅಂದರು."

"ಏನಂತ?"

"'ಇರಲಿ ಬಿಡಿ' ಅಂದರು."

ಅಡವಯ್ಯ ಕಾದರು. ಮಂಜು ಒಂದಿಷ್ಟು ಸರಿದು ಹರಿಗೋಲಿನ ಅಂಚು ಕಾಣಿಸಿತು, ಮತ್ತೆ ಮುಚ್ಚಿಹೋಯಿತು.

"ಆಮೇಲೆ?"

"ಅಷ್ಟೇ."

"ಅಷ್ಟೇನಾ?"

"ಅಷ್ಟೇನಾ ಅಂತೀರಲ್ಲ! ಇಪ್ಪತ್ತೇಳು ದಿನದಿಂದ ನಮಗೆ ಬೇರೆ ಮಾತಿಲ್ಲ. ಮೂವರಿಗೂ ತಲೆ ಕೆಟ್ಟುಹೋಗಿದೆ."

ಎರಡನೇ ಮಂತ್ರಿ ಹೊನ್ನಪ್ಪಯ್ಯ ಹೇಳಿದ್ದು ಹೀಗೆ: ದೊರೆಗಳು ಮೊದಲು ಅಂದದ್ದು 'ಇರಲಿ'. ಅಂದಮೇಲೆ ದೇಮರಸ ಇರಬೇಕು. ಮೂರನೇ ಮಂತ್ರಿ ಸಂಗರಸ ಅದನ್ನು ಒಪ್ಪಲಿಲ್ಲ. ಕೊನೆಗೆ ಅಂದದ್ದು 'ಬಿಡಿ' ಅಲ್ಲವೇ? ಕೊನೆಯ ಮಾತೇ ಮಾತು. ಅಂದಮೇಲೆ ದೇಮರಸನನ್ನು ಬಿಡಬೇಕು. ಇಬ್ಬರೂ ಹತ್ತು ದಿನ ಹಟ ಹಿಡಿದು ಕೂತರು. ಮಾತು ಮಾತಿಗೆ ಬೆಳೆದು ಹೊನ್ನಪ್ಪಯ್ಯನವರು ಎಲೆಅಡಿಕೆ ಚೀಲವನ್ನೇ ನೆಲಕ್ಕೆ ಬಡಿದರಂತೆ.

"ಕೊನೆಗೆ ನಾನೇ ಬಿಡಿಸಿದೆ" ಅಂದ ತಿಪ್ಪರಸ. ಅಷ್ಟು ಸಂಕಟದಲ್ಲೂ ಅವನ ಮೀಸೆ ಕೊಂಚ ಮೇಲಾಯಿತು, ಸುಳ್ಳೇಕೆ ಹೇಳಲಿ. "ಎರಡು ಮಾತೂ ನಿಜವೇ. ಮೊದಲು ಇರಲಿ, ಆಮೇಲೆ ಬಿಡಿ. ಅಂದರೆ, ಕೆಲವು ದಿನ ಇರಲಿ, ಆಮೇಲೆ ಬಿಟ್ಟುಬಿಡಿ. ಇಬ್ಬರೂ ಭೇಷ್ ಅಂದರು."

"ಎಷ್ಟು ದಿನ ಇರಲಿ?"

"ಅದನ್ನ ದೊರೆಗಳು ಹೇಳಲಿಲ್ಲ. ದೊಡ್ಡವರು ಎಲ್ಲವನ್ನೂ ಬಾಯಿ ಬಿಟ್ಟು ಹೇಳ್ತಾರೆಯೇ? ನಾವೇ ಅರಿತುಕೊಳ್ಳಬೇಕು. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆ ಅಂತ ನಿಶ್ಚಯ ಮಾಡಿದೆವು."

"ಹುಣ್ಣಿಮೆ ನಾಳೆ."

"ಹೌದು ಅಯ್ಯಾ. ನಾಳೆ ಓಲಗದಲ್ಲಿ, ತುಂಬಿದ ಸಭೆಯ ಮುಂದೆ, ಶಾಲು ಹೊದಿಸಿ, ಹಣ್ಣು ಕೊಟ್ಟು, ದೇಮನನ್ನು ಕಳಿಸಿಕೊಡೋದು. ಅವನಿಗಿನ್ನೂ ಗೊತ್ತಿಲ್ಲ."

ಅಡವಯ್ಯ ಬುಟ್ಟಿಯಲ್ಲಿ ಕೈಯಾಡಿಸುತ್ತ ಕೇಳಿದರು. "ದೊರೆಯನ್ನೇ ಒಂದು ಸಲ ಕೇಳಬಹುದಿತ್ತಲ್ಲ. ಏನು ಹಾಗಂದ್ರೆ ಅಂತ?"

"ಕೇಳೋದೇ!" ತಿಪ್ಪರಸ ಬೆಚ್ಚಿದ. "ಒಡೆಯರ ಮಾತು ಅರ್ಥವಾಗಲಿಲ್ಲ ಅಂತ ಮಂತ್ರಿ ಆದವನು ಹೋಗಿ ಹೇಳೋದೇ? ಆಮೇಲೆ ನನ್ನ ವಿಷಯಕ್ಕೂ 'ಇರಲಿ ಬಿಡಿ' ಅಂದುಬಿಟ್ಟರೆ?"

ಅಡವಯ್ಯನವರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಮಡಿಲಿನ ಕಾಳೆಲ್ಲ ಚಾಪೆಯ ಮೇಲೆ ಹರಡಿತು.

"ನಗಬೇಡಿ ಅಯ್ಯಾ."

"ಸರಿ, ನಗಲ್ಲ." ಕಣ್ಣು ಒರೆಸಿಕೊಂಡರು. "ಈ ಇಪ್ಪತ್ತೇಳು ದಿನ ದೇಮ ಏನು ಮಾಡ್ತಿದ್ದಾನೆ?"

ತಿಪ್ಪರಸ ಕೈಯಲ್ಲಿದ್ದ ಸಿಪ್ಪೆಯನ್ನು ಸಣ್ಣಗೆ ಹರಿಯುತ್ತ ಕೂತ.

"ಬರ್ತಾನೆ. ಹೊತ್ತಿಗೆ ಸರಿಯಾಗಿ ಬರ್ತಾನೆ. ಶಾಯಿ ಕಲಸಿಟ್ಟುಕೊಂಡು ಕೂರ್ತಾನೆ. ಅವನಿಗೆ ಬರೆಯೋಕೆ ನಾವು ಏನೂ ಕೊಡ್ತಿಲ್ಲ. ಕೊಡೋದಿಲ್ಲ ಅಂತಲೂ ಹೇಳಿಲ್ಲ. ಸಂಜೆಯ ಹೊತ್ತಿಗೆ ಶಾಯಿ ಒಣಗಿರುತ್ತೆ. ಬಟ್ಟಲು ತೊಳೆದಿಟ್ಟು ಮನೆಗೆ ಹೋಗ್ತಾನೆ."

"ಯಾರೂ ಮಾತಾಡಿಸೋದಿಲ್ಲವೇ?"

"ಅಯ್ಯೋ, ಮಾತಾಡಿಸದೆ ಉಂಟೇ! ಮೊದಲಿಗಿಂತ ಹೆಚ್ಚು ಮಾತಾಡಿಸ್ತೀವಿ. ಊಟ ಆಯ್ತೇ, ಬೆನ್ನುನೋವು ಹೇಗಿದೆ, ಮಗಳು ಬಂದಿದ್ದಳೇ, ಎಲ್ಲ ಕೇಳ್ತೀವಿ. ಹೊನ್ನಪ್ಪಯ್ಯನವರಂತೂ ದಿನಾ ಒಂದು ಬಾಳೆಹಣ್ಣು ತಂದು ಕೊಡ್ತಾರೆ."

"ತಿಂತಾನೆಯೇ?"

"ಇಲ್ಲ" ಅಂದ ತಿಪ್ಪರಸ. "ಮನೆಗೆ ಒಯ್ತಾನೆ ಅಂತ ಕಾಣುತ್ತೆ."

ಅವನ ಧ್ವನಿ ಇಳಿಯಿತು. "ಮೊನ್ನೆ ಎದ್ದು ನನ್ನ ಹತ್ತಿರ ಬಂದ. ಕೈ ಕಟ್ಟಿಕೊಂಡು ನಿಂತ. ಏನೋ ಕೇಳೋಕೆ ಬಾಯಿ ತೆರೆದ. 'ಬಂದೆ ಬಂದೆ, ದೊರೆಗಳು ಕರೀತಿದ್ದಾರೆ' ಅಂತ ನಾನು ಎದ್ದು ಹೋಗಿಬಿಟ್ಟೆ."

"ದೊರೆ ಕರೆದಿದ್ದರೇ?"

"ಇಲ್ಲ ಅಯ್ಯಾ. ಕುದುರೆ ಲಾಯದ ಹಿಂದೆ ಹೋಗಿ ನಿಂತಿದ್ದೆ."

ಅವರೆಕಾಯಿಯ ಸೊಗಡು ಇಬ್ಬರ ಕೈಗೂ ಹತ್ತಿತ್ತು. ಬಿಸಿಲು ಎಲ್ಲೋ ಮೇಲೆ ಬಂದಿರಬೇಕು. ಮಂಜು ಬೆಳ್ಳಗಿದ್ದದ್ದು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. ಹೊಳೆಯ ಸದ್ದು ಒಮ್ಮೆ ಹತ್ತಿರದಲ್ಲಿ, ಒಮ್ಮೆ ದೂರದಲ್ಲಿ ಕೇಳುತ್ತಿತ್ತು.

"ಆ ಸೊಂಟದಲ್ಲಿ ಏನದು? ಬಂದಾಗಿನಿಂದ ಮುಟ್ಟಿ ಮುಟ್ಟಿ ನೋಡ್ತಿದ್ದೀಯ."

ತಿಪ್ಪರಸ ಕಾಗದ ತೆಗೆದ. "ನಾಳೆ ಓಲಗದಲ್ಲಿ ಓದೋ ಪತ್ರ. ನಾನೇ ಬರೆದೆ. ಆರು ದಿನ ಹಿಡಿಯಿತು. ದೇಮನ ಮನಸ್ಸಿಗೆ ಚುಚ್ಚೋ ಮಾತೇನಾದರೂ ಇದ್ದರೆ ನೀವು ತಿದ್ದಿ ಕೊಡಬೇಕು. ಅದಕ್ಕೂ ಬಂದದ್ದು."

"ಓದು."

ತಿಪ್ಪರಸ ಗಂಟಲು ಸರಿಮಾಡಿಕೊಂಡು ಓದಿದ.

"'ಸನ್ನಿಧಾನದ ಸೇವೆಯಲ್ಲಿ ಸವೆದ ತಮ್ಮ ಬೆರಳುಗಳಿಗೆ ಇನ್ನು ಮುಂದೆ ತಕ್ಕ ಆರಾಮ ದೊರೆಯಬೇಕೆಂಬುದು ಸಮಸ್ತರ ಹಂಬಲವಾಗಿರುತ್ತದೆ. ತಮ್ಮ ಸ್ಥಾನವು ಎಂದಿಗೂ ತಮ್ಮದಾಗಿಯೇ ಇರುತ್ತದೆ. ತಾವು ಮಾತ್ರ ಅಲ್ಲಿಗೆ ಬರುವ ಶ್ರಮವನ್ನು ವಹಿಸಬೇಕಾಗಿರುವುದಿಲ್ಲ.'"

ಓದಿ ಗುರುಗಳ ಮುಖ ನೋಡಿದ.

"ಅವನು ಇರ್ತಾನೋ, ಹೋಗ್ತಾನೋ?" ಅಂದರು ಅಡವಯ್ಯ.

"ಎರಡೂ! ಅದೇ ಅದರ ಗುಟ್ಟು ಅಯ್ಯಾ. ದೊರೆಗಳಿಗೆ ಅವನು ಇರೋದು ಬೇಕಿದ್ದರೆ, ಇರ್ತಾನೆ ಅಂತಲೇ ಬರೆದಿದೆ. ಹೋಗೋದು ಬೇಕಿದ್ದರೆ, ಹೋಗ್ತಾನೆ ಅಂತಲೂ ಬರೆದಿದೆ. ಯಾರೂ ನಮ್ಮ ಕಡೆ ಬೊಟ್ಟು ಮಾಡೋ ಹಾಗಿಲ್ಲ."

"ಮತ್ತೆ ದೇಮ?"

"ದೇಮನಿಗೆ ಏನು?"

"ಅವನು ನಾಡಿದ್ದು ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳಬೇಕೋ ಬೇಡವೋ?"

ತಿಪ್ಪರಸ ಕಾಗದದ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದ. ಆ ಪತ್ರದಲ್ಲಿ ಅದೊಂದಕ್ಕೆ ಮಾತ್ರ ಉತ್ತರವಿರಲಿಲ್ಲ. ಬರೆಯುವುದೊಂದನ್ನು ಬಿಟ್ಟರೆ ದೇಮನಿಗೆ ಬೇರೇನೂ ಬಾರದು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಪೇಟೆಗೆ ಹೋದರೆ ತರಕಾರಿಯವಳ ಹತ್ತಿರ ಚೌಕಾಸಿ ಮಾಡಲೂ ನಾಚುವ ಮನುಷ್ಯ ಅವನು.

"ಮಲಗು" ಅಂದರು ಅಡವಯ್ಯ.

"ಏನು?"

"ಕಣ್ಣು ಕೆಂಪಗಾಗಿವೆ. ಕಂಬಳಿ ಇದೆಯಲ್ಲ, ಚಾಪೆಯ ಮೇಲೆ ಹಾಗೇ ಒರಗು. ಪತ್ರ ಎಲ್ಲಿಗೂ ಓಡಿಹೋಗಲ್ಲ."

ಬೇಡ ಅನ್ನಬೇಕೆಂದುಕೊಂಡವನು ಅದನ್ನು ಹೇಳುವ ಮೊದಲೇ ಒರಗಿದ್ದ. ಎಳೆಬಿಸಿಲು ಕಂಬಳಿಯ ಮೇಲೆ ಬಿತ್ತು. ಗುರುಗಳ ಬೆರಳಿನಲ್ಲಿ ಕಾಯಿ ಒಡೆಯುವ ಚಟ್ ಚಟ್ ಸದ್ದು ಕೇಳುತ್ತಲೇ ಇತ್ತು.

ಕನಸಿನಲ್ಲಿ ಅವನು ಅರಮನೆಯ ಚಾವಡಿಯಲ್ಲಿದ್ದ. ಹೊಳೆ ಚಾವಡಿಯೊಳಗೆ ಬಂದಿತ್ತು. ಸದ್ದಿಲ್ಲ, ಸೆಳವಿಲ್ಲ, ಮೊಣಕಾಲಿನವರೆಗೆ ತಣ್ಣಗೆ ನಿಂತಿತ್ತು ಅಷ್ಟೇ. ಹೊನ್ನಪ್ಪಯ್ಯ, ಸಂಗರಸ ಇಬ್ಬರೂ ಪಂಚೆ ಎತ್ತಿ ಹಿಡಿದು ನಿಂತಿದ್ದರು. ನೀರಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ದೇಮರಸ ನೀರಿನ ಮೇಲೆ ಬರೆಯುತ್ತಿದ್ದ. ಅವನು ಬರೆದ ಶ್ರೀಗಳು ಒಂದೊಂದೇ ಕಳಚಿಕೊಂಡು ತೇಲಿ ಹೋಗುತ್ತಿದ್ದವು. ಒಂದು, ಎರಡು, ಮೂರು, ನಾಲ್ಕು.

"ಇನ್ನೊಂದು ಇತ್ತಲ್ಲ" ಅಂದ ದೇಮ. ನೀರಿಗೆ ಕೈ ಹಾಕಿ ತಡಕಿದ. "ನಾನು ಬರೆದಿದ್ದೆ ತಿಪ್ಪಾ. ಇಲ್ಲೇ ಇತ್ತು. ನೀನು ನೋಡಿದೆಯಾ?"

ತಿಪ್ಪರಸನ ಮುಷ್ಟಿಯಲ್ಲಿ ಏನೋ ಮಿಸುಕಾಡಿತು. ನೋಡಬೇಕಾಗಿರಲಿಲ್ಲ, ಏನೆಂದು ಅವನಿಗೆ ಗೊತ್ತಿತ್ತು. ಮುಷ್ಟಿಯನ್ನು ಇನ್ನೂ ಬಿಗಿಮಾಡಿದ.

"ಇಲ್ಲವಲ್ಲ" ಅಂದ. "ಊಟ ಆಯ್ತೇ?"

ಎಚ್ಚರವಾದಾಗ ಮಂಜು ಪೂರ್ತಿ ಹೋಗಿತ್ತು. ಹೊಳೆ ಬಿಸಿಲಿಗೆ ಮಿಣಮಿಣ ಅನ್ನುತ್ತಿತ್ತು. ಆಚೆ ದಡ, ಅದರ ಮೇಲಿನ ಎಮ್ಮೆಗಳು, ಎಲ್ಲ ಅಚ್ಚುಕಟ್ಟಾಗಿ ಕಾಣುತ್ತಿದ್ದವು. ಅವನ ಮುಷ್ಟಿ ಬಿಗಿದೇ ಇತ್ತು. ಬಿಡಿಸಿ ನೋಡಿದರೆ ಒಂದು ಅವರೆಕಾಳು, ಬಿಸಿಯಾಗಿತ್ತು.

ಅಷ್ಟರಲ್ಲಿ ಊರ ಕಡೆಯಿಂದ ದುರುಗವ್ವ ಬಂದಳು. ಗುರುಗಳಿಗೆ ದಿನಾ ಮಜ್ಜಿಗೆ ತಂದು ಕೊಡುವ ಹೆಂಗಸು. ಬರುವಾಗಲೇ ಬಾಯಿ ತುಂಬ ಮಾತು. ಯಾರದೋ ಕರು ಯಾರದೋ ಹೊಲಕ್ಕೆ ನುಗ್ಗಿದ ಕಥೆ ಹೇಳುತ್ತ ಗಡಿಗೆ ಇಳಿಸಿದಳು. ಕೈ ಜಾರಿತು. ಅರ್ಧ ಮಜ್ಜಿಗೆ ಚಾಪೆಯ ಮೇಲೆ, ಗುರುಗಳ ಪಂಚೆಯ ಮೇಲೆ, ಸುಲಿದ ಕಾಳಿನ ಮೇಲೆ.

"ಅಯ್ಯಯ್ಯೋ! ನನ್ನ ಕೈಗೆ ಏನು ಬಂತು! ಥೂ!"

"ಇರಲಿ ಬಿಡವ್ವಾ" ಅಂದರು ಅಡವಯ್ಯ.

ದುರುಗವ್ವ ಸೆರಗಿನಿಂದ ಚಾಪೆ ಒರೆಸಿದಳು. ಕಾಳನ್ನು ನೀರಲ್ಲಿ ಜಾಲಿಸಿ ತಂದಳು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಕೈಗೊಂದಿಷ್ಟು ಕಾಯಿ ಎಳೆದುಕೊಂಡು, ಕರುವಿನ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದಳು.

ತಿಪ್ಪರಸ ಎದ್ದು ಕೂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

"ಅವ್ವಾ, ಒಂದು ನಿಮಿಷ. ಅಯ್ಯನವರು ಈಗ ನಿನಗೆ ಏನಂದರು?"

"ಯಾವಾಗ?"

"ಮಜ್ಜಿಗೆ ಚೆಲ್ಲಿದಾಗ."

"ಏನಂದ್ರು... ಇರಲಿ ಬಿಡು ಅಂದ್ರು."

"ಅಂದರೆ, ನೀನು ಇರಬೇಕು ಅಂತಲೋ, ಹೋಗಬೇಕು ಅಂತಲೋ?"

ದುರುಗವ್ವ ಅವನನ್ನು ನೋಡಿದಳು. ಗುರುಗಳನ್ನು ನೋಡಿದಳು. ಈ ದೊಡ್ಡ ಮನುಷ್ಯನಿಗೆ ಜ್ವರ ಗಿರ ಬಂದಿದೆಯೋ ಏನೋ ಅನ್ನುವ ಹಾಗೆ ಮತ್ತೆ ಅವನನ್ನು ನೋಡಿದಳು.

"ಚೆಲ್ಲಿದ್ದು ಮಜ್ಜಿಗೆ ಸ್ವಾಮಿ" ಅಂದಳು. "ನಾನ್ಯಾಕೆ ಹೋಗ್ಲಿ?"

ಹೊಳೆಯ ಮೇಲೆ ಗಾಳಿ ಒಂದು ಸಲ ಬೀಸಿ ನಿಂತಿತು.

ತಿಪ್ಪರಸನ ತಾಯಿ ದಿನಕ್ಕೆ ಹತ್ತು ಸಲ ಈ ಮಾತು ಆಡುತ್ತಿದ್ದಳು. ಹಾಲು ಉಕ್ಕಿದರೆ, ಗಿಂಡಿ ಸೊಟ್ಟಗಾದರೆ, ನೆಂಟರು ತಡವಾಗಿ ಬಂದರೆ. ಅವನ ಹೆಂಡತಿ ಆಡುತ್ತಾಳೆ. ಅವನೂ ಆಡುತ್ತಾನೆ, ಆ ದಿನ ಬೆಳಿಗ್ಗೆ ಅಂಬಿಗನಿಗೇ ಅಂದಿದ್ದ. ಮೂವರು ಮಂತ್ರಿಗಳು, ಮೂವರಿಗೂ ನೆರೆತ ಕೂದಲು, ಅಡುಗೆಮನೆಯ ಆ ಮಾತನ್ನು ಸೀಳಿ ಎರಡು ಮಾಡಿ ಇಪ್ಪತ್ತೇಳು ದಿನ ಅದರ ಹೊಟ್ಟೆಯೊಳಗೆ ಹುಡುಕಿದ್ದರು.

"ಇರಲಿ ಅಂದದ್ದು ಶ್ರೀಗೆ" ಅಂದ ಮೆಲ್ಲಗೆ. "ಬಿಡಿ ಅಂದದ್ದೂ ಅದಕ್ಕೇ."

"ಯಾರಿಗೆ?" ಅಂದಳು ದುರುಗವ್ವ.

"ನೀನು ಕರುವಿನದು ಹೇಳವ್ವಾ" ಅಂದರು ಅಡವಯ್ಯ.

ಅವಳು ಹೇಳಿ ಮುಗಿಸಿ, ಮಿಕ್ಕ ಮಜ್ಜಿಗೆಯ ಗಡಿಗೆಯನ್ನು ಜೋಪಾನವಾಗಿ ಮೂಲೆಗಿಟ್ಟು, ಹೊರಟುಹೋದಳು. ಹೋಗುತ್ತ ಒಂದು ಸಲ ತಿರುಗಿ ನೋಡಿದಳು.

ತಿಪ್ಪರಸ ಹಣೆ ಚಚ್ಚಿಕೊಂಡ. ಆಮೇಲೆ ನಕ್ಕ. ಎಷ್ಟು ದಿನದ ಮೇಲೆ ನಗುತ್ತಿದ್ದನೋ, ನಿಲ್ಲಿಸಲು ಆಗಲಿಲ್ಲ.

"ಎಂಥಾ ಪೆದ್ದರು ಅಯ್ಯಾ ನಾವು! ಹೋಗಲಿ, ಎಲ್ಲ ಸರಿಹೋಯಿತು. ನಾಳೆ ಶಾಲೂ ಇಲ್ಲ, ಗೀಲೂ ಇಲ್ಲ. ಬೆಳಿಗ್ಗೆ ದೇಮನ ಕೈಗೆ ಒಂದು ಪತ್ರ ಬರೆಯೋಕೆ ಕೊಟ್ಟುಬಿಡ್ತೀನಿ. ಏನೂ ನಡೆದೇ ಇಲ್ಲ ಅನ್ನೋ ಹಾಗೆ."

"ಹ್ಞೂಂ" ಅಂದರು ಅಡವಯ್ಯ. "ಒಂದು ಕೇಳಲೇ?"

"ಕೇಳಿ."

"ಈ ಇಪ್ಪತ್ತೇಳು ದಿನ ದೊರೆಯ ಪತ್ರಗಳನ್ನ ಬರೆದವರು ಯಾರು?"

ನಗು ನಿಂತಿತು.

"ನಾನು."

"ಬರೆ ಅಂತ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಯಾರಾದರೂ ಬರೆಯಬೇಕಿತ್ತಲ್ಲ."

"ಹೇಗಿತ್ತು?"

ಹೊರೆಯಾಗಿತ್ತು ಅನ್ನಬೇಕೆಂದು ಅವನು ಬಾಯಿ ತೆರೆದ. ಅರಮನೆಯಲ್ಲಿ ಎಲ್ಲರಿಗೂ ಹಾಗೇ ಹೇಳಿದ್ದ. ಬೆನ್ನು ಬಿದ್ದುಹೋಗುತ್ತಿದೆ, ಕಣ್ಣು ಹೋಗುತ್ತಿದೆ ಅಂತ. ಇಲ್ಲಿ ಈ ಬಿಸಿಲಿನಲ್ಲಿ, ಈ ಅವರೆಸಿಪ್ಪೆಯ ರಾಶಿಯ ಮುಂದೆ, ಆ ಮಾತು ಹೊರಡಲಿಲ್ಲ.

"ಚೆನ್ನಾಗಿತ್ತು ಅಯ್ಯಾ" ಅಂದ.

ಅಡವಯ್ಯ ಇನ್ನೊಂದು ಕಾಯಿ ಎತ್ತಿಕೊಂಡರು.

"ತುಂಬ ಚೆನ್ನಾಗಿತ್ತು. ದೊರೆಗಳು ದಿನಕ್ಕೆ ಮೂರು ಸಲ ಕರೆಸಿದರು. ಯಾರಿಗೆ ಏನು ಬರೀತಾರೆ ಅನ್ನೋದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗ್ತಿತ್ತು. ಹೊನ್ನಪ್ಪಯ್ಯ ನನ್ನ ಮುಖ ನೋಡಿ ಮಾತಾಡೋಕೆ ಶುರು ಮಾಡಿದರು." ಕಂಬಳಿಯ ತುದಿ ಹಿಡಿದುಕೊಂಡ. ಮಿಕ್ಕದ್ದನ್ನೂ ಹೇಳಿದ. "ಆ ಮಾತಿನ ಅರ್ಥ ನನಗೆ ಮೊದಲನೇ ದಿನವೇ ಗೊತ್ತಿತ್ತು ಅಂತ ಕಾಣುತ್ತೆ. ಎಣ್ಣೆಮನೆಯಿಂದ ಹೊರಗೆ ಬಂದಾಗಲೇ ಗೊತ್ತಿತ್ತು. ಬಾಗಿಲು ದಾಟೋ ಅಷ್ಟರಲ್ಲಿ ಅದನ್ನ ಗೊತ್ತಿಲ್ಲದ ಹಾಗೆ ಮಾಡಿಕೊಂಡೆ. ಗೊಂದಲ ಇದ್ದಷ್ಟು ದಿನ ಕೆಲಸ ನನ್ನ ಹತ್ತಿರವೇ ಇರುತ್ತಲ್ಲ."

ಆಮೇಲೆ ಅತ್ತ. ಮಂತ್ರಿಗಳು ಅಳುವುದು ನೋಡಲು ಚೆಂದವಿರುವುದಿಲ್ಲ. ಮೀಸೆಯೆಲ್ಲ ಒದ್ದೆಯಾಗಿ, ಮೂಗು ಕೆಂಪಾಗಿ, ಕಂಬಳಿಯ ತುದಿ ಬಾಯಿಗೊತ್ತಿಕೊಂಡು ಅತ್ತ. ದೇಮನ ಶಾಯಿಬಟ್ಟಲು ಅವನ ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ಅಡವಯ್ಯ ಸಮಾಧಾನ ಮಾಡಲಿಲ್ಲ. ಕಂಬಳಿಯ ಮಡಿಕೆಯಲ್ಲಿ ಉಳಿದಿದ್ದ ಪತ್ರವನ್ನು ಎತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಎರಡಾಗಿ ಮಡಿಸಿ, ಎದ್ದು ಹೋಗಿ, ಮಜ್ಜಿಗೆಯ ಗಡಿಗೆಯ ಬಾಯಿಗೆ ಮುಚ್ಚಿದರು. ಮೇಲೊಂದು ಕಲ್ಲಿಟ್ಟರು.

"ಅಯ್ಯಾ, ಅದು ಅರಮನೆಯ ಕಾಗದ!"

"ಗಟ್ಟಿಯಾಗಿದೆ" ಅಂದರು ಅಡವಯ್ಯ. "ನೊಣ ಹೋಗಲ್ಲ."

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅಂಬಿಗ ದಡದಿಂದ ಕೂಗು ಹಾಕಿದ. ತಿಪ್ಪರಸ ಮುಖ ತೊಳೆದು, ಗುರುಗಳ ಕಾಲಿಗೆ ಬಿದ್ದು, ಹೊರಟ. ಈ ಸಲ ಅವನ ಹೆಜ್ಜೆ ನಿಲ್ಲಲಿಲ್ಲ. ಹರಿಗೋಲಿನವರೆಗೂ ಹೋದ. ಒಂದು ಕಾಲು ಒಳಗಿಟ್ಟ.

ಅಲ್ಲಿಂದ ವಾಪಸು ಬಂದ.

"ಅಯ್ಯಾ."

"ಏನೋ?"

"ಇವತ್ತೇ ದೊರೆಗಳ ಹತ್ತಿರ ಹೋಗ್ತೀನಿ. 'ನಿಮ್ಮ ಮಾತನ್ನ ತಿರುಚಿಕೊಂಡೆ ಪ್ರಭು' ಅಂತ ಹೇಳ್ತೀನಿ. ಅವರು ಸಿಟ್ಟಾಗಲಿ, ನನ್ನನ್ನೇ ಕೆಲಸದಿಂದ ತೆಗೀಲಿ, ಅದನ್ನ ಹೇಗೋ ತಡ್ಕೋತೀನಿ. ಹೊನ್ನಪ್ಪಯ್ಯ, ಸಂಗರಸ ನಕ್ಕರೆ ನಗಲಿ. ಅದಕ್ಕೂ ಹೆದರಲ್ಲ."

"ಮತ್ತೇನು?"

ತಿಪ್ಪರಸ ಹೊಳೆಯ ಕಡೆ ನೋಡಿದ. ಹೊಳೆ ತನ್ನ ಪಾಡಿಗೆ ಹೋಗುತ್ತಿತ್ತು.

"ದೇಮ. ಇದೇ ಮರಳಿನಲ್ಲಿ ಒಟ್ಟಿಗೆ ಕೂತು ಬರೆದವರು ನಾವು. 'ಇಪ್ಪತ್ತೇಳು ದಿನ, ಕೈ ಚಾಚಿದರೆ ಸಿಗೋ ಅಷ್ಟು ದೂರದಲ್ಲಿದ್ದೆಯಲ್ಲ ತಿಪ್ಪಾ, ಒಂದೇ ಒಂದು ಮಾತು ನನಗೆ ಹೇಳೋಕೆ ಆಗಲಿಲ್ಲವೇ?' ಅಂತ ಅವನು ಕೇಳಿದರೆ, ನಾನು ಏನಂತ ಉತ್ತರ ಕೊಡಲಿ? ಅದೊಂದು ಹೇಳಿಕೊಡಿ."

ಅಡವಯ್ಯ ಸಿಪ್ಪೆಯನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಮೇಲೆದ್ದರು.

"ಹೋಗಿ ಅವನ ಪಕ್ಕದಲ್ಲಿ ಕೂತ್ಕೋ" ಅಂದರು. "ಅವನು ಕೇಳಿ ಮುಗಿಸೋವರೆಗೂ ಏಳಬೇಡ."